ಆರು ಮನೆಯ ರಿವಾಲ್ವರಿಗೆ ಐದೇ ತೋಟೆ

ಅರಿಜೋನಾದ ಮೊಗೊಯೋನ್ ರಿಮ್ ಕಡೆ ಚಾರಣಕ್ಕೆ ಹೋದಾಗಲೆಲ್ಲ ನನಗೆ ಭಯವಾಗುವುದು ಕಾಡಿನೊಳಗೆ ಅಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ. ಹೊಸದಾಗಿ ರಿವಾಲ್ವರ್ ಕೊಂಡ ಯಾರಾದರೊಬ್ಬರು ಡಿಕ್ಕಿಯ ಬಾಗಿಲು ಎತ್ತಿ ನಿಂತಿರುತ್ತಾರೆ. ಆರು ತೋಟೆ ತುಂಬುತ್ತಾರೆ, ಹೆಬ್ಬೆರಳಲ್ಲಿ ಹ್ಯಾಮರ್ (ತೋಟೆಗೆ ಪೆಟ್ಟು ಕೊಡುವ ಹಿಂಬದಿಯ ಸುತ್ತಿಗೆ) ಇಳಿಸುತ್ತಾರೆ, ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಡುತ್ತಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಕೊಡಗಿನವರಾದರಂತೂ 'ನಮಗೆ ಕೋವಿ ಹೊಸದಾ?' ಅಂತ ನಗುತ್ತಾರೆ. ನಾನೂ ಅದೇ ಕಡೆಯವನು. ಕೈಲ್‌ಪೊಳ್ದಿನ ದಿನ, ಅಂದರೆ ಕೊಡಗಿನ ಆಯುಧಪೂಜೆಯಂದು, ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಕೈಮುಗಿದು ಬೆಳೆದವನು. ಆದರೆ ಜೋಡಿ ನಳಿಗೆಯ ಕೋವಿಯನ್ನು ಮಡಚಿ ತೋಟೆ ತೆಗೆದು ಹೆಗಲಿಗೆ ಹಾಕಿಕೊಂಡ ಅಭ್ಯಾಸ ಈ ಗಿಡ್ಡ ಯಂತ್ರಕ್ಕೆ ಹೆಚ್ಚೇನೂ ಕಲಿಸುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಸಿಂಗಲ್ ಆಕ್ಷನ್ ರಿವಾಲ್ವರಿನ ಬಗ್ಗೆ. ಸಿಂಗಲ್ ಆಕ್ಷನ್ ಎಂದರೆ ಟ್ರಿಗರ್‌ಗೆ ಒಂದೇ ಕೆಲಸ: ಎತ್ತಿ ನಿಂತ ಹ್ಯಾಮರನ್ನು ಬೀಳಿಸುವುದು. ಎತ್ತುವ ಕೆಲಸ ಪ್ರತಿ ಗುಂಡಿಗೂ ನಿಮ್ಮ ಹೆಬ್ಬೆರಳಿನದು. 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಕೋಲ್ಟ್ ರಿವಾಲ್ವರಿನ ಒಳಗುಟ್ಟು ಇದೇ. ಇವತ್ತಿನವು ಬಹುಪಾಲು ಅದರ ಮಕ್ಕಳು ಮೊಮ್ಮಕ್ಕಳು. (ಊರಲ್ಲಿ 'ಕುದುರೆ' ಎಂದರೆ ಕೆಲವರಿಗೆ ಹ್ಯಾಮರ್, ಕೆಲವರಿಗೆ ಟ್ರಿಗರ್. ಆ ಗೊಂದಲ ಇಲ್ಲಿ ಬೇಡವೆಂದು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡಿದ್ದೇನೆ.)

ಅಂಗಡಿಗೆ ಹೋಗುವ ಮೊದಲು

ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಊರ್ಜಿತದಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. 'ಸ್ನೇಹಿತನ ಗನ್ನು, ರೇಂಜಿನಲ್ಲಿ ಎರಡು ಸುತ್ತು ಅಷ್ಟೇ' ಎಂಬ ಮಾತನ್ನು ಕಾನೂನು ಕೇಳಿಸಿಕೊಳ್ಳುವುದಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಊರಲ್ಲಿರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ ನಿಜ. ಆ ಕಾಗದಕ್ಕೆ ಫೀನಿಕ್ಸಿನಲ್ಲಿ ಬೆಲೆಯಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಅನುಮಾನವಿದ್ದರೆ ವಕೀಲರನ್ನು ಕೇಳಿ, ಅಂಗಡಿಯವನನ್ನಲ್ಲ.

ಇನ್ನು ರಾಜ್ಯ. ಅರಿಜೋನಾದಲ್ಲಿ 21 ತುಂಬಿದವರು 2010ರಿಂದ ಪರ್ಮಿಟ್ ಇಲ್ಲದೆಯೇ ಬಟ್ಟೆಯಡಿ ಮರೆಮಾಡಿಯೂ ಒಯ್ಯಬಹುದು. ಅದೇ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟು ಕ್ಯಾಲಿಫೋರ್ನಿಯಾ ಗಡಿ ದಾಟಿದರೆ ಕಥೆಯೇ ಬೇರೆ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿ 22ರಿಂದ ಆಯಾ ರಾಜ್ಯದ ಕಾನೂನೇ ಅನ್ವಯ. ಆದರೂ ಗ್ರ್ಯಾಂಡ್ ಕ್ಯಾನಿಯನ್ನಿನ ಸಂದರ್ಶಕರ ಕೇಂದ್ರದಂಥ ಫೆಡರಲ್ ಕಟ್ಟಡದ ಒಳಗೆ ಒಯ್ಯುವಂತಿಲ್ಲ. ನಕ್ಷೆ ಕೇಳಲು ಒಳಗೆ ಹೋಗುವ ಮೊದಲು ಸೊಂಟ ಮುಟ್ಟಿ ನೋಡಿಕೊಳ್ಳಿ.

ಆಯ್ಕೆ

ನಳಿಗೆ 4⅝ ಇಂಚು. ಇದರಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಏಳೂವರೆ ಇಂಚಿನದು ಕಾರಿನ ಸೀಟಿಗೆ ಕುತ್ತುತ್ತದೆ, ಕುಳಿತಾಗ ಒರೆಯನ್ನೇ ಮೇಲೆತ್ತುತ್ತದೆ. 3¾ ಇಂಚಿನದು ಕೈಯಲ್ಲಿ ಮುದ್ದಾಗಿ ಕೂರುತ್ತದೆ, ಅಂಗಡಿಯಲ್ಲಿ ಎಲ್ಲರೂ ಅದಕ್ಕೇ ಮರುಳಾಗುತ್ತಾರೆ. ಆದರೆ ನಳಿಗೆ ಗಿಡ್ಡವಾದರೆ ಅದರ ಕೆಳಗಿನ ಎಜೆಕ್ಟರ್ ಕಡ್ಡಿಯೂ ಗಿಡ್ಡ. ಉದ್ದನೆಯ .357 ತೋಟೆಯ ಖಾಲಿ ಕೋಶವನ್ನು ಅದು ಪೂರ್ತಿ ಹೊರಗೆ ತಳ್ಳುವುದಿಲ್ಲ. ಅರ್ಧಕ್ಕೆ ನಿಂತ ಹಿತ್ತಾಳೆಯನ್ನು ಉಗುರಲ್ಲಿ ಕೀಳುತ್ತ ಕೂರಬೇಕು. ಹಳೆಯ 'ಶೆರಿಫ್' ಮಾದರಿಗಳಲ್ಲಂತೂ ಕಡ್ಡಿಯೇ ಇಲ್ಲ, ಅವನ್ನು ಷೋಕೇಸಿನಲ್ಲಿಡಿ. 4⅝ ಇಂಚಿನಲ್ಲಿ ಕಡ್ಡಿಯ ಕೊಳವೆ ಮುಗಿಯುವಲ್ಲಿಗೇ ನಳಿಗೆಯೂ ಮುಗಿಯುತ್ತದೆ, ಎರಡಕ್ಕೂ ನ್ಯಾಯ.

ತೋಟೆ .357 ಮ್ಯಾಗ್ನಮ್. ಕಾರಣ ಒಂದೇ: ಅದೇ ಸಿಲಿಂಡರಿನಲ್ಲಿ (ತೋಟೆ ಕೂರುವ ಆರು ಮನೆಯ ತಿರುಗುವ ಉರುಳೆ) ಮೆತ್ತಗಿನ .38 ಸ್ಪೆಷಲ್ ಹಾಕಿ ದಿನವಿಡೀ ಅಭ್ಯಾಸ ಮಾಡಬಹುದು. .44 ಮ್ಯಾಗ್ನಮ್ ಕೊಂಡವರು ಗಿಡ್ಡ ನಳಿಗೆಯಲ್ಲಿ ಆರು ಸಲ ಹೊಡೆದು, ಅಂಗೈ ಉಜ್ಜಿಕೊಂಡು, ಮತ್ತೆಂದೂ ಅಭ್ಯಾಸಕ್ಕೆ ಬರುವುದಿಲ್ಲ. ಅರಿಜೋನಾದಲ್ಲಿರುವುದು ಕಪ್ಪು ಕರಡಿ ಮಾತ್ರ. ಗ್ರಿಜ್ಲಿ (ದೊಡ್ಡ ಕಂದು ಕರಡಿ) ಇರುವ ಮೊಂಟಾನಾ, ಅಲಾಸ್ಕಾಗಳಲ್ಲಿ ಓಡಾಡುವವರು .44ರ ಭಾರ ಹೊರಲಿ. ಅವರಿಗೂ ಒಂದು ಮಾತು: ಕರಡಿ ಸ್ಪ್ರೇ ಬಿಟ್ಟು ಹೋಗಬೇಡಿ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿದ 2008ರ ಅಧ್ಯಯನವೊಂದರಲ್ಲಿ ಕಂದು ಕರಡಿಯ ಕಾಟವನ್ನು ಸ್ಪ್ರೇ ನಿಲ್ಲಿಸಿದ್ದು 92 ಶೇಕಡಾ ಸಂದರ್ಭಗಳಲ್ಲಿ. ಗಾಬರಿಯಲ್ಲಿ ನಡುಗುವ ಕೈಗೆ ಮೋಡದಂತೆ ಹರಡುವ ಸ್ಪ್ರೇಯೇ ಸುಲಭ. ಹಾವಿಗೆ ಎರಡೂ ಬೇಡ, ಸುತ್ತು ಹಾಕಿ ಹೋಗಿ. ಬಂಡೆಯ ಮೇಲಿನ ಹಾವಿಗೆ ಹೊಡೆದ ಗುಂಡು ಎತ್ತ ಚಿಮ್ಮುತ್ತದೆಂದು ಬಂಡೆಗೂ ಗೊತ್ತಿಲ್ಲ.

ಕಲಿಯಲಿಕ್ಕೆಂದು .22 ಬೇಕಿದ್ದರೆ ಧಾರಾಳವಾಗಿ ಕೊಳ್ಳಿ. ಸತುವಿನ ಮಿಶ್ರಲೋಹದ ಅಗ್ಗದ .22ಗಳು ಗುರಿ ಕಲಿಯಲು ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದನ್ನು ಕಣ್ಣಾರೆ ನೋಡಬೇಕು. ರುಗರ್ ಕಂಪನಿ 1973ರಲ್ಲಿ ತನ್ನ ಸಿಂಗಲ್ ಆಕ್ಷನ್ನುಗಳಿಗೆ 'ಟ್ರಾನ್ಸ್‌ಫರ್ ಬಾರ್' ಎಂಬ ಪಟ್ಟಿ ಸೇರಿಸಿತು. ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಹ್ಯಾಮರಿನ ಪೆಟ್ಟನ್ನು ತೋಟೆಗೆ ಕುಟ್ಟುವ ಫೈರಿಂಗ್ ಪಿನ್ನಿಗೆ ದಾಟಿಸುತ್ತದೆ. ಬಿಟ್ಟರೆ ಕೆಳಗಿಳಿಯುತ್ತದೆ, ಹ್ಯಾಮರ್ ಪಿನ್ನನ್ನು ಮುಟ್ಟುವುದೇ ಇಲ್ಲ. ಪಕ್ಕದ ಚೌಕಟ್ಟಿನಲ್ಲಿ ಮೂರು ತಿರುಪು ಕಂಡರೆ ಹಳೆಯದು, ಎರಡು ಪಿನ್ನು ಕಂಡರೆ ಹೊಸದು. ಹಳೆಯದಕ್ಕೆ ಕಂಪನಿ ಪುಕ್ಕಟೆಯಾಗಿ ಪಟ್ಟಿ ಕೂರಿಸಿಕೊಡುತ್ತದೆ, ಬಿಚ್ಚಿದ ಭಾಗಗಳನ್ನೂ ವಾಪಸು ಕಳಿಸುತ್ತದೆ. ಸಂಗ್ರಹಕಾರರು ಆ ಹಳೆಯ ಭಾಗಗಳನ್ನೇ ಮತ್ತೆ ಜೋಡಿಸಿ ಮಾರುವುದೂ ಉಂಟು, ಹಾಗಾಗಿ 'ಫ್ಯಾಕ್ಟರಿಗೆ ಹೋಗಿ ಬಂದಿದೆ' ಎಂಬ ಮಾತಿಗೆ ತಲೆಯಾಡಿಸಬೇಡಿ. ಖಾಲಿ ಇರುವುದನ್ನು ಎರಡು ಸಲ ನೋಡಿಕೊಂಡು, ಹ್ಯಾಮರ್ ಪೂರ್ತಿ ಎತ್ತಿ, ಟ್ರಿಗರ್ ಮುಟ್ಟದೆ ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಜಾರಿ ಬಿದ್ದರೆ ಅಲ್ಲಿಯೇ ವಾಪಸು ಕೊಟ್ಟು ಬನ್ನಿ.

ತುಂಬುವುದು

ಎಲ್ಲರೂ ಎಡವುವುದು ಇಲ್ಲೇ. ಎಡವಿದವರಲ್ಲಿ ದೊಡ್ಡ ಹೆಸರುಗಳೂ ಇವೆ. 1876ರ ಜನವರಿಯಲ್ಲಿ ಕಾನ್ಸಾಸಿನ ವಿಚಿಟಾದಲ್ಲಿ, ಆಗ ಅಲ್ಲಿ ಪೊಲೀಸನಾಗಿದ್ದ ವ್ಯಾಟ್ ಅರ್ಪ್ ಸಲೂನೊಂದರಲ್ಲಿ ಕುಳಿತಿದ್ದಾಗ ರಿವಾಲ್ವರ್ ಒರೆಯಿಂದ ಜಾರಿ ಬಿತ್ತು. ತುಂಬಿದ ಮನೆಯ ಮೇಲೆ ಕೂತಿದ್ದ ಹ್ಯಾಮರಿಗೆ ಪೆಟ್ಟು ಬಿದ್ದು ಗುಂಡು ಹಾರಿತು. ಅವನ ಕೋಟನ್ನು ತೂರಿ, ಗೋಡೆಗೆ ಬಡಿದು, ಛಾವಣಿಯಿಂದ ಆಚೆ ಹೋಯಿತು ಎಂದು ಊರಿನ ಪತ್ರಿಕೆ ಬರೆಯಿತು. ಬಂದೂಕಿನಿಂದಲೇ ಹೆಸರಾದವನ ಗತಿ ಇದು.

ಕೋಲ್ಟ್ ಮಾದರಿಯಲ್ಲಿ ಹ್ಯಾಮರ್ ಕೆಳಗಿದ್ದಾಗ ಅದರ ಮೂತಿ ನೇರ ತೋಟೆಯ ಬೆನ್ನಿಗೆ ತಾಗಿರುತ್ತದೆ. ಕಲ್ಲಿನ ಮೇಲೆ ಬಿದ್ದರೆ ಮುಗಿಯಿತು. ಅದಕ್ಕೇ ಸಿಲಿಂಡರಿನಲ್ಲಿ ಆರು ಮನೆಯಿದ್ದರೂ ತುಂಬುವುದು ಐದು, ಹ್ಯಾಮರ್ ಕೂರುವುದು ಖಾಲಿ ಮನೆಯ ಮೇಲೆ. ಕೇಳಲು ಸುಲಭ. ಆದರೆ ಐದು ತುಂಬಿಯೂ ತುಂಬಿದ ಮನೆಯ ಮೇಲೆಯೇ ಹ್ಯಾಮರ್ ಇಳಿಸಿಕೊಂಡವರನ್ನು ನೋಡಿದ್ದೇನೆ. ಚೌಕಾಬಾರದಲ್ಲಿ ಮನೆ ಎಣಿಸುವ ಹಾಗೆ ಎಣಿಸಬೇಕು, ಮಾತಾಡುತ್ತ ಎಣಿಸಬಾರದು.

ನಳಿಗೆಯ ಬಾಯಿ ನೆಲದ ಕಡೆ ಇರಲಿ, ನಿಮ್ಮ ಪಾದದಿಂದ ದೂರ. ಬೆರಳು ಟ್ರಿಗರಿನ ಹೊರಗೆ. ಹ್ಯಾಮರನ್ನು ಎರಡನೆಯ 'ಕ್ಲಿಕ್' ಕೇಳುವವರೆಗೆ ಎಳೆಯಿರಿ, ಅದು ಅರ್ಧ ಎತ್ತಿದ ಸ್ಥಿತಿ. ಈಗ ಸಿಲಿಂಡರ್ ಸರಾಗವಾಗಿ ತಿರುಗುತ್ತದೆ. ಬಲಪಕ್ಕದಲ್ಲಿ ತೋಟೆ ತುಂಬುವ ಗೇಟು ತೆರೆದು ಒಂದು ಸುತ್ತು ತಿರುಗಿಸಿ, ಆರೂ ಮನೆ ಖಾಲಿಯೆಂದು ಕಣ್ಣಿನಲ್ಲೂ ಕಿರುಬೆರಳಿನಲ್ಲೂ ಖಚಿತ ಮಾಡಿಕೊಳ್ಳಿ. ಆಮೇಲೆ: ಒಂದು ಹಾಕಿ. ಒಂದು ಮನೆ ಬಿಡಿ. ನಾಲ್ಕು ಹಾಕಿ. ಗೇಟು ಮುಚ್ಚಿ. ಹ್ಯಾಮರನ್ನು ಪೂರ್ತಿ ಹಿಂದಕ್ಕೆಳೆಯಿರಿ. ಆ ಎಳೆತಕ್ಕೆ ಸಿಲಿಂಡರ್ ಒಂದು ಮನೆ ಮುಂದೆ ಸರಿದು ಖಾಲಿ ಮನೆ ಹ್ಯಾಮರಿನ ಎದುರಿಗೆ ಬರುತ್ತದೆ. ಇನ್ನು ಮೆಲ್ಲಗೆ ಇಳಿಸಬೇಕು.

ಇಲ್ಲಿ ಜನ ಮಾಡುವ ತಪ್ಪು: ಪೂರ್ತಿ ಎತ್ತದೆ, ಅರ್ಧದಿಂದ ಚೂರೇ ಹಿಂದಕ್ಕೆಳೆದು ಟ್ರಿಗರ್ ಒತ್ತಿ ಇಳಿಸಿಬಿಡುತ್ತಾರೆ. ಆಗ ಸಿಲಿಂಡರ್ ಮನೆ ಸೇರದೆ ನಡುವೆ ನಿಂತಿರಬಹುದು. ಖಾಲಿ ಮನೆ ಎಲ್ಲಿದೆಯೋ ದೇವರೇ ಬಲ್ಲ. ಸಿಲಿಂಡರಿನ ಸುತ್ತ ಗೀರೊಂದು ಬೀಳುವುದು ಬೇರೆ. ಸೆಕೆಂಡ್ ಹ್ಯಾಂಡ್ ರಿವಾಲ್ವರಿನ ಮೇಲೆ ಆ ಉಂಗುರದಂಥ ಗೀರು ಕಂಡರೆ ಹಿಂದಿನ ಮಾಲೀಕರ ಕೈಗುಣ ಗೊತ್ತಾಗುತ್ತದೆ.

ಇಳಿಸುವುದಕ್ಕೆ ಹೆಬ್ಬೆರಳಿನ ತುದಿ ಸಾಲದು. ಬೆವರಿದ ಬೆರಳು ಹ್ಯಾಮರಿನ ಕೊಂಡಿಯಿಂದ ಜಾರುತ್ತದೆ. ಹೆಬ್ಬೆರಳಿನ ಮೊದಲ ಗಿಣ್ಣು ಕೊಂಡಿಯ ಮೇಲೆ ಪೂರ್ತಿ ಕೂರಲಿ, ಎಡಗೈ ಹೆಬ್ಬೆರಳನ್ನೂ ಹ್ಯಾಮರಿನ ಮುಂದೆ ತಡೆಯಾಗಿ ಇಡಿ. ಭಾರ ಹಿಡಿದುಕೊಂಡ ಮೇಲೆ ಟ್ರಿಗರ್ ಒತ್ತಿ, ಹ್ಯಾಮರ್ ಕದಲಿತೆಂದು ಗೊತ್ತಾದಾಗ ಎಡ ಹೆಬ್ಬೆರಳನ್ನು ಸರಿಸುತ್ತ ಕೊನೆಯವರೆಗೆ ಇಳಿಸಿ. ಟ್ರಾನ್ಸ್‌ಫರ್ ಬಾರ್ ಇರುವುದರಲ್ಲಿ ಒಂದು ವ್ಯತ್ಯಾಸ: ಹ್ಯಾಮರ್ ಕದಲಿದ ಕೂಡಲೇ ಟ್ರಿಗರಿನಿಂದ ಬೆರಳು ತೆಗೆಯಿರಿ. ಪಟ್ಟಿ ಕೆಳಗಿಳಿಯುತ್ತದೆ, ಆಮೇಲೆ ಹೆಬ್ಬೆರಳು ಜಾರಿದರೂ ಗುಂಡು ಹಾರದು. ಒತ್ತಿ ಹಿಡಿದೇ ಇಳಿಸುವವರು ಆ ಪಟ್ಟಿಗೆ ಕೊಟ್ಟ ಕಾಸನ್ನು ನೀರಿಗೆ ಹಾಕಿದ ಹಾಗೆ.

ಕೊನೆಗೆ ಬದಿಯಿಂದ ಬೆಳಕಿಗೆ ಹಿಡಿದು ನೋಡಿ. ಸಿಲಿಂಡರಿಗೂ ಅದರ ಹಿಂದಿನ ಗೋಡೆಗೂ ನಡುವಿನ ಸಂದಿನಲ್ಲಿ ತೋಟೆಗಳ ಅಂಚು ಕಾಣುತ್ತದೆ. ಹ್ಯಾಮರಿನ ಕೆಳಗೆ ಕಾಣಬಾರದು. ಮುಂದಿನಿಂದ ಇಣುಕಿ ನೋಡುವವರಿಗೆ ಹೇಳಲು ನನ್ನಲ್ಲಿ ಮಾತಿಲ್ಲ.

'ಮೊದಲನೇ ಕ್ಲಿಕ್ಕಿನಲ್ಲಿ ನಿಲ್ಲಿಸಿದರೆ ಅದೇ ಸೇಫ್ಟಿ ಅಲ್ಲವೇ?' ಎಂದು ಕೇಳುವವರಿದ್ದಾರೆ. ಹೆಸರೇನೋ ಸೇಫ್ಟಿ ನಾಚ್. ಆದರೆ ಹ್ಯಾಮರನ್ನು ತಡೆದು ನಿಂತಿರುವುದು ತೆಳ್ಳಗಿನ ಉಕ್ಕಿನ ಮೂತಿಯೊಂದು ಮಾತ್ರ. ಒಂದು ಪೆಟ್ಟಿಗೆ ಮುರಿಯುತ್ತದೆ.

ಟ್ರಾನ್ಸ್‌ಫರ್ ಬಾರ್ ಇರುವ ರುಗರ್‌ಗೆ ಕಂಪನಿಯ ಕೈಪಿಡಿಯೇ ಆರು ತುಂಬಬಹುದು ಎನ್ನುತ್ತದೆ. ಅದರಲ್ಲಿ ಗೇಟು ತೆರೆದರೆ ಸಾಕು, ಹ್ಯಾಮರ್ ಮುಟ್ಟದೆಯೇ ಸಿಲಿಂಡರ್ ತಿರುಗುತ್ತದೆ. ನಾನಂತೂ ಅದಕ್ಕೂ ಐದೇ ಹಾಕುತ್ತೇನೆ. ಇವತ್ತು ಹೊಸದು, ನಾಳೆ ಸ್ನೇಹಿತನ ಹಳೆಯದು ಕೈಗೆ ಬಂದಾಗ ಕೈ ತನ್ನ ಅಭ್ಯಾಸವನ್ನೇ ಮಾಡುತ್ತದೆ. ಐದರಲ್ಲಿ ಮುಗಿಯದ ಕೆಲಸ ಆರನೆಯದರಲ್ಲಿ ಮುಗಿದದ್ದನ್ನು ಕಾಡಿನಲ್ಲಿ ನಾನು ಕಂಡಿಲ್ಲ.

ಇದೆಲ್ಲವನ್ನೂ ಮನೆಯಲ್ಲಿ ಬಣ್ಣದ ಪ್ಲಾಸ್ಟಿಕ್ಕಿನ ಡಮ್ಮಿ ತೋಟೆಯಲ್ಲಿ ಐವತ್ತು ಸಲ ಮಾಡಿ. ನಿಜವಾದ ತೋಟೆಯ ಡಬ್ಬಿ ಆಗ ಬೇರೆ ಕೋಣೆಯಲ್ಲಿರಲಿ. ಸಿನಿಮಾದಲ್ಲಿ ಮಾಡುವಂತೆ ಅಂಗೈಯಲ್ಲಿ ಹ್ಯಾಮರ್ ಬಡಿಯುವ ಆಟ ಒಳಗಿನ ಬಿಡಿಭಾಗಗಳನ್ನು ಹಾಳುಮಾಡುತ್ತದೆ, ಗುರಿಯಂತೂ ಸಿಗುವುದಿಲ್ಲ.

ಒಯ್ಯುವುದು

ಒರೆಗೆ ಹಣ ಉಳಿಸಬೇಡಿ. 'ಎಲ್ಲ ಅಳತೆಗೂ ಹೊಂದುತ್ತದೆ' ಎಂಬ ನೈಲಾನ್ ಚೀಲಗಳು ಯಾವ ಅಳತೆಗೂ ಹೊಂದುವುದಿಲ್ಲ. ರಿವಾಲ್ವರ್ ತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತವೆ, ವಾಪಸು ಇಡಲು ಎರಡೂ ಕೈ ಬೇಕು. ಒಳ್ಳೆಯ ಚರ್ಮದ ಒರೆಯಲ್ಲಿ ಎರಡು ಗುಣ ನೋಡಿ: ಟ್ರಿಗರಿನ ಬಳೆ ಪೂರ್ತಿ ಮುಚ್ಚಬೇಕು, ಹ್ಯಾಮರಿನ ಮೇಲೆ ಕುಣಿಕೆಯೊಂದು ಬರಬೇಕು. ಸಿಂಗಲ್ ಆಕ್ಷನ್ನಿನ ಉದ್ದ ಕೊಂಡಿ ಪೊದೆಗೆ ಸಿಕ್ಕಿಕೊಳ್ಳುವುದರಲ್ಲಿ ನಿಸ್ಸೀಮ. ಆ ಕುಣಿಕೆಯಿಲ್ಲದೆ ಮೆಸ್ಕೀಟ್ ಮುಳ್ಳಿನ ನಡುವೆ ನುಗ್ಗಿದರೆ ಖಾಲಿ ಒರೆ ಹೊತ್ತು ಮನೆಗೆ ಬರುತ್ತೀರಿ.

ಬೆಲ್ಟು ಒಂದೂವರೆ ಇಂಚು ಅಗಲದ್ದು, ಗಡುಸಾದದ್ದು. ತುಂಬಿದ ರಿವಾಲ್ವರ್ ಒಂದು ಕಿಲೋ ದಾಟುತ್ತದೆ, ಆಫೀಸಿನ ಬೆಲ್ಟು ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಬೆನ್ನುಚೀಲ ಹೊತ್ತವರಿಗೆ ಇನ್ನೊಂದು ತೊಡಕು: ಚೀಲದ ಸೊಂಟಪಟ್ಟಿ ಸರಿಯಾಗಿ ಒರೆಯ ಮೇಲೆಯೇ ಬರುತ್ತದೆ. ಅಂಥವರಿಗೆ ಎದೆಗೆ ಅಡ್ಡಲಾಗಿ ಕಟ್ಟುವ ಒರೆಯೇ ಪರಿಹಾರ, ಅಲಾಸ್ಕಾದ ಮೀನುಗಾರರು ಬಳಸುವಂಥದ್ದು. ಬೆನ್ನುಚೀಲದ ತಳದಲ್ಲಿ ಟವೆಲ್ ಸುತ್ತಿ ಇಡುವುದಾದರೆ ಮನೆಯಲ್ಲೇ ಬಿಟ್ಟು ಬನ್ನಿ, ಹಗುರವಾದೀತು. ಬಹಿರ್ದೆಸೆಗೆ ಕೂರುವಾಗ ಒರೆಯ ಸಮೇತ ಬಿಚ್ಚಿ ಎದುರಿಗೆ ಕಣ್ಣಿಗೆ ಕಾಣುವಲ್ಲಿಡಿ, ಎದ್ದಾಗ ಮರೆಯಬೇಡಿ. ನಗಬೇಡಿ, ವ್ಯಾಟ್ ಅರ್ಪ್ ಬರೀ ಕುರ್ಚಿಯಲ್ಲಿ ಕೂತಿದ್ದ.

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ನಿರ್ಬಂಧ ಹೇರಿದಾಗ ರಾಷ್ಟ್ರೀಯ ಅರಣ್ಯಗಳಲ್ಲಿ ಗುರಿ ಅಭ್ಯಾಸ ನಿಷಿದ್ಧವಾಗುವುದುಂಟು, ಹೊರಡುವ ಮುನ್ನ ಅರಣ್ಯ ಇಲಾಖೆಯ ಪ್ರಕಟಣೆ ನೋಡಿ.

ಮನೆಗೆ ಬಂದ ಮೇಲೆ

ಬೆವರು ಉಕ್ಕಿಗೆ ವೈರಿ. ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ, ತಿರುಪುಗಳು ಸಡಿಲಾಗಿವೆಯೇ ನೋಡಿ, ಬೀಗವಿರುವ ಪೆಟ್ಟಿಗೆಯಲ್ಲಿಡಿ. ಚರ್ಮದ ಒರೆಯಲ್ಲೇ ಬಿಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ.

ಅದಕ್ಕೂ ಮೊದಲು ಖಾಲಿ ಮಾಡಬೇಕಲ್ಲ. ಕಾರಿನ ಹತ್ತಿರ ಬಂದ ಕೂಡಲೇ, ನೀರು ಕುಡಿಯುವ ಮೊದಲು ಮಾಡಿ. (ಕೋಲ್ಟ್ ಮಾದರಿಯಲ್ಲಿ ಹ್ಯಾಮರ್ ಅರ್ಧ ಎತ್ತಿ) ಗೇಟು ತೆರೆದು, ಕಡ್ಡಿಯಲ್ಲಿ ಒಂದೊಂದನ್ನೇ ತಳ್ಳಿ ಟೋಪಿಯೊಳಗೆ ಹಾಕಿಕೊಳ್ಳುತ್ತೇನೆ ನಾನು. ದಾರಿಯಲ್ಲಿ ಒಂದೂ ಹೊಡೆದಿಲ್ಲವಾದರೆ ಟೋಪಿಯಲ್ಲಿ ಐದು ಇರಬೇಕು. ನಾಲ್ಕೇ ಇದ್ದರೆ ಗೇಟು ಮುಚ್ಚಬೇಡಿ, ಸಿಲಿಂಡರನ್ನು ಇನ್ನೊಂದು ಸುತ್ತು ತಿರುಗಿಸಿ.