ಕೂವೆಕಂಬ ಏರುವ ಮುನ್ನ: ಏಣಿಗೊಂದು ಹಗ್ಗ, ಜೀವಕ್ಕೆ ಇನ್ನೊಂದು

ಹಾಯಿದೋಣಿಯ ಕೂವೆಕಂಬದ ತುದಿಯಲ್ಲಿ ದೀಪ, ಗಾಳಿಯ ದಿಕ್ಕು ತೋರುವ ಸೂಚಕ, ರೇಡಿಯೊ ಆಂಟೆನಾ, ಹಗ್ಗಗಳು ಹಾಯುವ ರಾಟೆಗಳು ಇರುತ್ತವೆ. ಯಾವುದು ಕೆಟ್ಟರೂ ಯಾರಾದರೂ ಮೇಲೇರಬೇಕು. ಮನೆಯ ಅಲ್ಯೂಮಿನಿಯಂ ಏಣಿಯನ್ನು ಕಂಬಕ್ಕೆ ಆನಿಸಿ ಹತ್ತುವ ಯೋಚನೆ ಬೇಡವೇ ಬೇಡ. ತೇಲುವ ದೋಣಿಯ ಮೇಲೆ ಅದರ ಬುಡ ನಿಲ್ಲುವುದಿಲ್ಲ. ಇದಕ್ಕೆಂದೇ ಗಟ್ಟಿ ಪಟ್ಟಿಯಿಂದ ಹೊಲಿದ ಏಣಿ ಸಿಗುತ್ತದೆ. ಮುಖ್ಯ ಹಾಯಿ ಜಾರುವ ಸೀಳಿನಲ್ಲೇ ಜಾರಿ ಮೇಲೇರುವ ಈ ಏಣಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಎಂಬಂತೆ ಮೆಟ್ಟಿಲುಗಳಿರುತ್ತವೆ.

ಮೊದಲು ನೀರು ನೋಡಿ. 15 ಮೀಟರ್ ಎತ್ತರದ ಕಂಬವಿರುವ ದೋಣಿ ಬರೀ 5 ಡಿಗ್ರಿ ವಾಲಿದರೂ ತುದಿಯಲ್ಲಿರುವವರು 1.3 ಮೀಟರ್‌ನಷ್ಟು ಪಕ್ಕಕ್ಕೆ ಸರಿಯುತ್ತಾರೆ. ಮರುಕ್ಷಣ ಅಷ್ಟೇ ದೂರ ಆ ಕಡೆಗೆ. ಪಕ್ಕದಲ್ಲಿ ಹಾದುಹೋಗುವ ಮೀನುಗಾರಿಕೆ ಬೋಟಿನ ಅಲೆ ಇದಕ್ಕೆ ಸಾಕು. ಗಾಳಿ ಬಿದ್ದ ಹೊತ್ತಿನಲ್ಲಿ, ಬೋಟುಗಳ ಓಡಾಟವಿಲ್ಲದ ಕಡೆ ದೋಣಿಯನ್ನು ಚೆನ್ನಾಗಿ ಕಟ್ಟಿ ಕೆಲಸ ಶುರು ಮಾಡಿ. ರೇಡಾರ್ ಬಂದ್ ಮಾಡಿ, ರೇಡಿಯೊದಲ್ಲಿ ಯಾರೂ ಮಾತನಾಡದಂತೆ ನೋಡಿಕೊಳ್ಳಿ.

ಹಾಯಿಯನ್ನು ಪೂರ್ತಿ ಇಳಿಸಿದ ಮೇಲೆ ಏಣಿಯನ್ನು ಮುಖ್ಯ ಹಾಲ್ಯಾರ್ಡ್‌ಗೆ, ಅಂದರೆ ಹಾಯಿ ಎತ್ತುವ ಹಗ್ಗಕ್ಕೆ, ಕಟ್ಟಿ ತುದಿಯವರೆಗೂ ಎಳೆಯಿರಿ. ಕೆಳತುದಿಯನ್ನು ಕಂಬದ ಬುಡಕ್ಕೆ ಬಿಗಿಯಾಗಿ ಕಟ್ಟಿ. ಸಡಿಲಬಿಟ್ಟರೆ ಪ್ರತಿ ಹೆಜ್ಜೆಗೂ ಏಣಿ ತಿರುಚಿಕೊಂಡು ಕೈಸೋಲುತ್ತದೆ.

ಅನೇಕರು ಎಡವುವುದು ಇದರ ನಂತರ. ಏಣಿ ಗಟ್ಟಿಯಾಗಿದೆ ಎಂದು ಸೊಂಟದ ಪಟ್ಟಿಯನ್ನೂ ಅದಕ್ಕೇ ಸಿಕ್ಕಿಸುತ್ತಾರೆ. ಆ ಒಂದು ಹಗ್ಗ ಹರಿದರೆ ಏಣಿಯ ಜೊತೆ ಮನುಷ್ಯನೂ ಬೀಳುತ್ತಾನೆ. ಆದ್ದರಿಂದ ದೇಹಕ್ಕೆ ಹಾಕಿದ ಹಾರ್ನೆಸ್ ಬೇರೆಯೇ ಹಾಲ್ಯಾರ್ಡ್‌ಗೆ ಸೇರಬೇಕು. ಅದೂ ಕಂಬದ ಒಳಗಿನ ರಾಟೆಯ ಮೇಲೆ ಹಾಯ್ದ ಹಗ್ಗವಾಗಿದ್ದರೆ ಒಳ್ಳೆಯದು. ಹೊರಗೆ ತೂಗುವ ರಾಟೆಯಾದರೆ ಪ್ರಾಣ ಒಂದೇ ಕೊಂಡಿಯ ಮೇಲೆ ನಿಂತಿರುತ್ತದೆ. ಹಗ್ಗದ ತುದಿಯಲ್ಲಿರುವ ತಟ್ಟನೆ ಬಿಚ್ಚುವ ಕೊಂಡಿಯನ್ನು ನಂಬಬೇಡಿ, ಎಲ್ಲಾದರೂ ಸಿಕ್ಕಿಕೊಂಡರೆ ಅದರ ಪಿನ್ ಕಳಚಬಹುದು. ಹಗ್ಗವನ್ನೇ ಹಾರ್ನೆಸ್‌ಗೆ ಬೋಲೈನ್ ಗಂಟು, ಅಂದರೆ ಜಾರದ ಕುಣಿಕೆ, ಹಾಕಿ ಕಟ್ಟಿ, ಉಳಿದ ತುದಿಯನ್ನು ಉದ್ದ ಬಿಡಿ. ಹತ್ತುವ ಮೊದಲು ಡೆಕ್ಕಿನಿಂದ ಒಂದಡಿ ಮೇಲೆ ಆ ಹಗ್ಗಕ್ಕೆ ಪೂರ್ತಿ ಜೋತುಬಿದ್ದು, ಎರಡು ಸಲ ಜಗ್ಗಿ ನೋಡಿ.

ಕೆಳಗೆ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಉರುಳೆ, ಬಳಿ ನಿಲ್ಲುವವರ ಕೆಲಸ ಹತ್ತುವವರ ಕೆಲಸಕ್ಕಿಂತ ಕಡಿಮೆಯದಲ್ಲ. ಭಾರತೀಯ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ಹೊರಟು 2025ರ ಮೇನಲ್ಲಿ ಅಲ್ಲಿಗೇ ಮರಳುವವರೆಗೆ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಇದ್ದುದು ಅವರಿಬ್ಬರೇ. ಅಂಥ ದೋಣಿಯಲ್ಲಿ ಒಬ್ಬರು ಮೇಲೇರಿದರೆ ಹಗ್ಗ ಹಿಡಿಯಲು ಉಳಿಯುವುದು ಇನ್ನೊಬ್ಬರು ಮಾತ್ರ. ವಿಂಚ್‌ಗೆ ಮೂರು ನಾಲ್ಕು ಸುತ್ತು ಹಾಕಿ, ಪ್ರತಿ ಹೆಜ್ಜೆಗೂ ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಿರಬೇಕು. ಒಂದು ಮೀಟರ್ ಸಡಿಲವಿದ್ದರೆ ಬೀಳುವ ದೂರ ಅಷ್ಟಾದರೂ ಆಯಿತು. ವಿದ್ಯುತ್ ವಿಂಚ್ ಬೇಡ. ಗುಂಡಿ ಸಿಕ್ಕಿಕೊಂಡರೆ ಯಂತ್ರ ಎಳೆಯುತ್ತಲೇ ಹೋಗುತ್ತದೆ. ಮೇಲಿನವರು ಕೆಲಸಕ್ಕೆ ನಿಂತಾಗ ಹಗ್ಗವನ್ನು ಕ್ಲೀಟ್‌ಗೂ, ಅಂದರೆ ಹಗ್ಗ ಬಿಗಿದು ನಿಲ್ಲಿಸುವ ಗೂಟಕ್ಕೂ, ಕಟ್ಟಬೇಕು.

ಹತ್ತುವವರು ಗಟ್ಟಿ ಅಟ್ಟೆಯ ಶೂ ಧರಿಸಬೇಕು, ಪಟ್ಟಿ ಮೆಟ್ಟಿಲು ಬರಿಗಾಲನ್ನು ಒತ್ತಿ ನೋಯಿಸುತ್ತದೆ. ಕಂಬವನ್ನು ಸುತ್ತುವರಿಯುವ ಗಿಡ್ಡ ಪಟ್ಟಿ ಎರಡಿರಲಿ: ಕಂಬದಿಂದ ಪಕ್ಕಕ್ಕೆ ಚಾಚಿರುವ ಅಡ್ಡತೋಳುಗಳನ್ನು ದಾಟುವಾಗ ಒಂದನ್ನು ಮೇಲೆ ಹಾಕಿದ ನಂತರವೇ ಇನ್ನೊಂದನ್ನು ಬಿಚ್ಚಬೇಕು. ತುದಿ ತಲುಪಿದ ಮೇಲೆ ಈ ಪಟ್ಟಿ ಮೈಯನ್ನು ಕಂಬಕ್ಕೆ ಹತ್ತಿರ ಹಿಡಿದಿಟ್ಟು ಎರಡೂ ಕೈಗಳಿಗೆ ಬಿಡುವು ಕೊಡುತ್ತದೆ. ಸ್ಪ್ಯಾನರ್, ಸ್ಕ್ರೂಡ್ರೈವರ್ ಪ್ರತಿಯೊಂದಕ್ಕೂ ದಾರ ಕಟ್ಟಿರಬೇಕು. ಕೆಳಗೆ ಯಾರೂ ಕಂಬದ ನೇರಕ್ಕೆ ನಿಲ್ಲಬಾರದು, ಹೆಲ್ಮೆಟ್ ಇಬ್ಬರಿಗೂ ಬೇಕು.

ಇಳಿಯುವಾಗಲೂ ಹಗ್ಗ ವಿಂಚ್ ಸುತ್ತುಗಳ ಮೂಲಕವೇ ನಿಧಾನವಾಗಿ ಸಡಿಲಗೊಳ್ಳಬೇಕು. ಮೇಲಿನವರು ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ತೂಗಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಜೀವಕ್ಕೆ ಅಪಾಯ, ಕೂಡಲೇ ಇಳಿಸಬೇಕಾಗುತ್ತದೆ. ಆ ಇಳಿಸುವ ಕ್ರಮವನ್ನು ಕೆಳಗಿನವರಿಂದ ಆಳೆತ್ತರದಲ್ಲಿ ಒಮ್ಮೆ ಮಾಡಿಸಿ ನೋಡಿದ ನಂತರವೇ ಮೊದಲ ಮೆಟ್ಟಿಲು ಹತ್ತಿ.