ಹೊಸಬರು ಬಂದ ಶನಿವಾರ

ಬಸವನಗುಡಿಯ ನಮ್ಮ ಮನೆಯಲ್ಲಿ, ಕಾರು ನಿಲ್ಲಿಸುವ ಜಾಗಕ್ಕೆ ಜಮಖಾನ ಹಾಸಿ, ಶನಿವಾರ ಸಂಜೆ ಆರಕ್ಕೆ ಹತ್ತು ಹನ್ನೆರಡು ಜನ ಉಪನಿಷತ್ತು ಓದುತ್ತೇವೆ. ಗುರುಗಳೆಂದು ಯಾರೂ ಇಲ್ಲ. ಒಬ್ಬರು ಮೂಲ ಓದುತ್ತಾರೆ, ಇನ್ನೊಬ್ಬರು ಪದ ಬಿಡಿಸಿ ಅರ್ಥ ಹೇಳುತ್ತಾರೆ, ಮಿಕ್ಕವರು ತಕರಾರು ತೆಗೆಯುತ್ತಾರೆ. ತಕರಾರಿಗೆ ಎಂದೂ ಬರವಿರಲಿಲ್ಲ. ಹೊಸಬರನ್ನು ಬರಮಾಡಿಕೊಳ್ಳುವುದು ಮಾತ್ರ ನಮಗೆ ಬಹಳ ಕಾಲ ತಿಳಿದಿರಲಿಲ್ಲ.

ಆಗೆಲ್ಲ ಪರಿಚಯ ಹೇಳಿಸುತ್ತಿದ್ದೆವು: ಹೆಸರು, ಊರು, ಕೆಲಸ, ಇದುವರೆಗೆ ಏನೇನು ಓದಿದ್ದೀರಿ. ಅದೇ ಮರ್ಯಾದೆ ಎಂದುಕೊಂಡಿದ್ದೆ. ಒಮ್ಮೆ ಬಂದ ಹೆಂಗಸೊಬ್ಬರು, "ಏನೂ ಓದಿಲ್ಲ. ಅತ್ತೆ ತೀರಿಕೊಂಡ ಮೇಲೆ ಕೂತು ಕೇಳಬೇಕು ಅನ್ನಿಸಿತು" ಎಂದರು. "ಹಾಗಾದರೆ ನೀವು ಗೀತೆಯಿಂದ ಶುರು ಮಾಡಬೇಕಿತ್ತು" ಎಂದು ನಮ್ಮವರೊಬ್ಬರು ಹೇಳಿಯೇಬಿಟ್ಟರು. ಓದುವ ಸರದಿ ಆ ಹೆಂಗಸಿಗೆ ಬಂದಾಗ 'ಭಾರದ್ವಾಜಃ' ಎಂಬಲ್ಲಿ ಮಹಾಪ್ರಾಣ ತಪ್ಪಿತು. ಮೂರು ಬಾಯಿ ಒಟ್ಟಿಗೆ ತಿದ್ದಿದವು, ಅದರಲ್ಲಿ ನನ್ನದೂ ಒಂದು. ಕಾಫಿಯನ್ನೂ ಕುಡಿಯದೆ ಹೊರಟರು. ಮತ್ತೆ ಬರಲಿಲ್ಲ.

ಅಂದು ನಾವು ಓದುತ್ತಿದ್ದದ್ದು ಪ್ರಶ್ನೋಪನಿಷತ್ತಿನ ಆರಂಭ! ಆರು ಜನ ಸಮಿತ್ತು, ಅಂದರೆ ಯಜ್ಞದ ಕಟ್ಟಿಗೆ, ಹಿಡಿದು ಪಿಪ್ಪಲಾದ ಋಷಿಯ ಬಳಿಗೆ ಪ್ರಶ್ನೆ ಕೇಳಲು ಬರುತ್ತಾರೆ. ಆತ ಪರೀಕ್ಷೆ ಇಡುವುದಿಲ್ಲ. ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಯಿಂದ ಒಂದು ವರ್ಷ ಇಲ್ಲಿರಿ, ಆಮೇಲೆ ಬೇಕಾದ್ದನ್ನು ಕೇಳಿ, ನಮಗೆ ಗೊತ್ತಿದ್ದರೆ ಎಲ್ಲವನ್ನೂ ಹೇಳುತ್ತೇವೆ ಎನ್ನುತ್ತಾನೆ. ಮೂಲದಲ್ಲಿ ಈ 'ಗೊತ್ತಿದ್ದರೆ'ಯ 'ರೆ'ಗೆ ಇರುವ ಪದ 'ಯದಿ'; ಅದು ಅಜ್ಞಾನದ್ದಲ್ಲ, ವಿನಯದ್ದು ಎಂದು ಶಂಕರರ ಭಾಷ್ಯ ಹೇಳುತ್ತದೆ. ನಮ್ಮದಾದರೋ ಅಪ್ಪಟ ಅಜ್ಞಾನದ 'ಯದಿ'. ಬಿಗುಮಾನ ಮಾತ್ರ ಋಷಿಗೂ ಇಲ್ಲದಷ್ಟು.

ಪರಿಚಯ ಹೇಳಿಸುವುದನ್ನು ಬಿಟ್ಟೆ. ಈಗ ಹೊಸಬರಿಗೆ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸದೆ ಹಳಬರಿಬ್ಬರ ನಡುವೆ ಜಾಗ ಮಾಡಿಕೊಡುತ್ತೇನೆ. ಅಂದಿನ ಪುಟವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿಟ್ಟಿರುತ್ತೇನೆ. ಯಾವ ಸಾಲಿನಲ್ಲಿದ್ದೇವೆಂದು ಬೆರಳಿಟ್ಟು ತೋರಿಸುವುದು ಪಕ್ಕದವರ ಕೆಲಸ. ಮೊದಲ ಮೂರು ವಾರ ತಾವಾಗಿ ಕೇಳಿದರೆ ಮಾತ್ರ ಓದಲು ಕೊಡುತ್ತೇವೆ. ಯಾರೇ ಓದಲಿ, ಅದೇ ಸಾಲನ್ನು ಎಲ್ಲರೂ ಒಮ್ಮೆ ಒಟ್ಟಿಗೆ ಹೇಳುತ್ತೇವೆ. ಯಾರೂ ತಿದ್ದದೆಯೇ ಉಚ್ಚಾರ ದಾರಿಗೆ ಬರುತ್ತದೆ.

ಇದರಿಂದ ಶಿಸ್ತು ಕೆಟ್ಟಿತೆಂದು ಹಿರಿಯರೊಬ್ಬರು ಮುನಿಸಿಕೊಂಡರು. ಅವರ ಮಾತಿನಲ್ಲೂ ಹುರುಳಿತ್ತು: ಹೊಸಬರಿಗಾಗಿ ಹಿಂದಿನದನ್ನೇ ಮತ್ತೆ ಮತ್ತೆ ಹೇಳಿ ಎರಡು ಸಂಜೆ ಕಳೆದಿದ್ದೆವು. ಈಗ ಹಿಂದಿನ ಕಥೆಯೆಲ್ಲ ಆರಕ್ಕೆ ಮುಂಚೆ, ಕಾಫಿಯ ಜೊತೆಗೇ ಮುಗಿಯಬೇಕು.

ಮೊನ್ನೆ ಅದೇ ಉಪನಿಷತ್ತಿನ ನಾಲ್ಕನೆಯ ಪ್ರಶ್ನೆಗೆ ಬಂದೆವು. ನಿದ್ದೆಯಲ್ಲಿ ಇಂದ್ರಿಯಗಳೆಲ್ಲ ಮನಸ್ಸಿನಲ್ಲಿ ಒಂದಾಗುತ್ತವೆ, ಮನುಷ್ಯನಿಗೆ ಏನೂ ಕೇಳಿಸುವುದಿಲ್ಲ, ಪ್ರಾಣಾಗ್ನಿಗಳು, ಅಂದರೆ ಬೆಂಕಿಯಂತಿರುವ ಪ್ರಾಣಗಳು, ಮಾತ್ರ ಎಚ್ಚರವಾಗಿರುತ್ತವೆ ಎಂಬ ಭಾಗ. ಎರಡನೆಯ ವಾರವಷ್ಟೇ ಬಂದಿದ್ದ, ರಾತ್ರಿ ಪಾಳಿಯ ಹುಡುಗನೊಬ್ಬ ಕೈಯೆತ್ತಿದ. "ಕಿವಿಯೂ ಮಲಗಿದ್ದರೆ, ನನ್ನ ಅಲಾರಾಂ ಕೇಳಿಸಿಕೊಳ್ಳುವವರು ಯಾರು ಸಾರ್?"

ಯಾರೂ ಬಾಯಿ ಬಿಡಲಿಲ್ಲ. ಶಿಸ್ತಿನ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, "ಗೊತ್ತಿದ್ದರೆ ಹೇಳುತ್ತಿದ್ದೆನಪ್ಪ. ಬರುವ ಶನಿವಾರ ಭಾಷ್ಯ ನೋಡಿಕೊಂಡು ಬರುತ್ತೇನೆ, ನೀನು ತಪ್ಪಿಸಬೇಡ" ಎಂದರು.