ಎರಿ ಮ್ಯಾಲ ನಿಂತ ಟ್ರ್ಯಾಕ್: ನನ್ನ ಅನುಭವ

"ಎರಿ ಮ್ಯಾಲ ಟ್ರ್ಯಾಕ್ ನಿಂದ್ರಂಗಿಲ್ರೀ, ಸುಮ್ನ ರೊಕ್ಕಾ ಹಾಳ್ ಮಾಡಬ್ಯಾಡ್ರಿ" ಅಂತ ನನಗೆ ಹೇಳಿದವರು ಏನಿಲ್ಲವೆಂದರೂ ಹತ್ತು ಮಂದಿ. ಅದರಲ್ಲಿ ಇಬ್ಬರು ರಸ್ತೆ ಕಾಮಗಾರಿಯಲ್ಲೇ ತಲೆ ನೆರೆತವರು. ಎರಿ ಅಂದರೆ ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಕಪ್ಪು ಎರೆ ಮಣ್ಣು. ಅದರ ಮೇಲೆ ನಾನು ಹಾಕಿದ ಓಟದ ಟ್ರ್ಯಾಕ್ ಈಗ ಮೂರು ಮಳೆಗಾಲ ದಾಟಿತು, ಅಲ್ಲಾಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿಯ ಸೇಡಂ ರಸ್ತೆ ಕಡೆ, ರಿಂಗ್ ರೋಡ್ ದಾಟಿದ ಮೇಲಿನ ಮೈದಾನ ಇದು. ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಎನ್.ವಿ. ಮೈದಾನಕ್ಕೋ ಇರುವ ಹೆಸರು ಇದಕ್ಕಿಲ್ಲ. ಮೊದಲು ಊರ ಕಣ, ಜೋಳ ತೊಗರಿ ರಾಶಿ ಮಾಡುತ್ತಿದ್ದ ಜಾಗ. ಸುತ್ತ ಬಡಾವಣೆ ಎದ್ದ ಮೇಲೆ ಯಾರೋ ಪುಣ್ಯಾತ್ಮರು ಒಂದು ಬದಿಗೆ ಶಹಾಬಾದ್ ಫರ್ಸಿ ಕಲ್ಲಿನ ಏಳು ಮೆಟ್ಟಿಲು ಕಟ್ಟಿಸಿ ಸ್ಟೇಡಿಯಂ ಅಂದರು. ಎರಡೇ ವರ್ಷಕ್ಕೆ ಮೆಟ್ಟಿಲು ಹಲ್ಲು ಬಿಟ್ಟವು. ಆಮೇಲೆ ಮದುವೆ ಪೆಂಡಾಲು, ಟಿಪ್ಪರ್ ಪಾರ್ಕಿಂಗು, ಜಾಲಿ ಗಿಡ.

ನನ್ನ ಮೊದಲ ತಪ್ಪು ಎಲ್ಲರೂ ಮಾಡುವಂಥದೇ. ಎರೆಯ ಮೇಲೆ ನೇರ ಮುರುಮ್, ಅಂದರೆ ಗರಸು ಮಣ್ಣು, ಸುರಿದೆ. ಒಂಬತ್ತು ಇಂಚು ದಪ್ಪ, ನೀರು ಹೊಡೆಸಿ, ರೋಲರ್ ಓಡಿಸಿ ಕನ್ನಡಿ ಮಾಡಿಟ್ಟೆ. ಶ್ರಾವಣದಲ್ಲಿ ಉಬ್ಬಿತು, ಯುಗಾದಿಗೆ ಸೀಳಿತು. ಎರಡನೇ ಲೇನಿನ ಬಿರುಕಿಗೆ ಕೈ ಇಳಿಸಿದರೆ ಮೊಣಕೈವರೆಗೆ ಹೋಯಿತು. ಸುಮಾರು ಎರಡೂವರೆ ಲಕ್ಷ ಅದರೊಳಗೇ ಇಳಿದುಹೋಯಿತು. ಮನೆಯಲ್ಲಿ ಆ ಲೆಕ್ಕ ಇನ್ನೂ ಪೂರ್ತಿ ಹೇಳಿಲ್ಲ.

ಮರುವರ್ಷ ಬುದ್ಧಿವಂತನಾದೆ ಅಂದುಕೊಂಡು ತೊಗರಿ ಕಟ್ಟಿಗೆಯನ್ನು ಹೊರೆ ಕಟ್ಟಿ ಕಾಲುವೆಯಲ್ಲಿ ಹೂಳಿದೆ, ನೀರು ಅದರೊಳಗಿಂದ ಹರಿದು ಹೋಗಲಿ ಅಂತ. ನಮ್ಮ ಕಡೆ ಅದಕ್ಕೇನು ಬರವೇ? ನೀರೂ ಹರಿಯಿತು, ಆರು ತಿಂಗಳು. ಆಮೇಲೆ ಗೆದ್ದಲು ಒಂದು ಕಡ್ಡಿ ಬಿಡದೆ ತಿಂದು, ಮೇಲಿನ ಮಣ್ಣು ಕುಸಿದು ಕೂತಿತು.

ಬುದ್ಧಿ ಬಂದದ್ದು ಆಮೇಲೆ. ಎರೆಗೆ ನೀರು ವೈರಿಯಲ್ಲ, ಒಮ್ಮೆ ಕುಡಿಸಿ ಒಮ್ಮೆ ಒಣಗಿಸುವುದು ವೈರಿ. ಇಲ್ಲಿ ಬೇಸಿಗೆಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ, ಮಳೆ ಬಂದರೆ ಎರಡು ದಿನದಲ್ಲೇ ಕೆರೆ. ಹದಿನೈದು ಇಂಚು ಅಗೆಸಿದೆ. ತಳದ ಆರು ಇಂಚು ಎರೆಗೆ ತೂಕದ ಲೆಕ್ಕದಲ್ಲಿ ನೂರಕ್ಕೆ ನಾಲ್ಕರಷ್ಟು ಸುಣ್ಣ ಹಾಕಿ ಟ್ರ್ಯಾಕ್ಟರ್ ರೋಟಾವೇಟರ್‌ನಿಂದ ಕಲಸಿದೆ. ಮೊದಲ ಲೋಡ್ ಸುಣ್ಣ ಸರಿಯಾಗಿ ಅರಳಿರಲಿಲ್ಲ. ರೋಲರ್ ಹೊಡೆದು ವಾರವಾದ ಮೇಲೆ ಅಲ್ಲಲ್ಲಿ ಹಪ್ಪಳದಂತೆ ಉಬ್ಬಿ ಒಡೆಯಿತು, ಅಷ್ಟೂ ಕಿತ್ತೆ. ಎರಡನೇ ಸಲ ಮರುದಿನ ಬಂದು ಒಂದು ಹಿಡಿ ಎತ್ತಿ ಹಿಚುಕಿದರೆ, ಅಂಗೈಗೆ ಅಂಟುವ ಎರೆ ರವೆಯ ಹಾಗೆ ಉದುರಿತು. ಆಗಲೇ ನನಗೆ ಗೊತ್ತಾಯಿತು, ಈ ಸಲ ಗೆದ್ದೆ ಅಂತ.

ಅದರ ಮೇಲೆ ಹುಮನಾಬಾದ್ ಕಡೆಯ ಕೆಂಪು ಮುರುಮ್ ಒಂಬತ್ತು ಇಂಚು. ಅರವತ್ತು ಕಿ.ಮೀ. ದೂರ, ಇಪ್ಪತ್ತೈದೋ ಇಪ್ಪತ್ತಾರೋ ಟಿಪ್ಪರ್, ಒಂದಕ್ಕೆ ಏಳು ಸಾವಿರದ ಹತ್ತಿರ. ಟ್ರ್ಯಾಕಿನ ಎರಡೂ ಅಂಚಿಗೆ ಮೂರಡಿ ಆಳ ಸೀಳಿ, ಖಣಿಯವರು ಬಿಸಾಡುವ ಫರ್ಸಿ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿದೆ. ಬದಿಯ ತೇವ ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು. ಸಂದುಗಳಿಗೆ ಏನು ಮೆತ್ತಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೇಲಿನ ಅರ್ಧ ಇಂಚಿಗೆ ಬೆರೆಸಿದ್ದನ್ನೂ ಕೇಳಬೇಡಿ.

200 ಮೀಟರ್, ನಾಲ್ಕು ಲೇನ್. ಓಡುವ ಹುಡುಗರೆಲ್ಲ ಹೆಚ್ಚುಕಡಿಮೆ ಪೊಲೀಸ್ ಭರ್ತಿಗೆ, ಅಂದರೆ ನೇಮಕಾತಿಗೆ, ತಯಾರಾಗುವವರು, 1600 ಮೀಟರಿಗೆ ಎಂಟು ಸುತ್ತು. ಮೊದಲು ಇಲ್ಲಿ ಗೆರೆ ಹಾಕಿದ್ದವರು ಒಳಗಿನ ಸುಣ್ಣದ ಗೆರೆಯ ಮೇಲೆಯೇ ಟೇಪ್ ಎಳೆದಿದ್ದರು. ಓಡುವವನ ಕಾಲು ಬೀಳುವುದು ಗೆರೆಯ ಮೇಲಲ್ಲ, ಅದರ ಹೊರಗೆ. ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯದಿದ್ದರೆ ಸುತ್ತಿಗೆ ಒಂದೂಕಾಲು ಮೀಟರ್ ಹೆಚ್ಚು ಓಡಿದಂತೆ, ಎಂಟು ಸುತ್ತಿಗೆ ಹತ್ತು ಮೀಟರ್. ಪಾಪ, ಎರಡು ಸೆಕೆಂಡಿನಲ್ಲಿ ಫೇಲ್ ಅಂತ ಎಷ್ಟು ಹುಡುಗರು ಕಣ್ಣೀರು ಹಾಕಿ ಮನೆಗೆ ಹೋಗಿದ್ದರೋ!

ಅಗೆದ ಎರೆ ಗುಡ್ಡೆ ಬಿದ್ದಿತ್ತು. ಜರಡಿ ಹಿಡಿದು ನಡುವೆ 22 ಗಜದ ಪಿಚ್ ಹಾಕಿದೆ. ಟ್ರ್ಯಾಕಿಗೆ ಶನಿಯಾದ ಮಣ್ಣು ಪಿಚ್ಚಿಗೆ ಬಂಗಾರ. ಒಮ್ಮೆ ಅವಸರಪಟ್ಟು ಹಸಿ ಇರುವಾಗಲೇ ರೋಲರ್ ಎಳೆದೆ, ಹಂಚಿಗೆ ಹತ್ತಿದ ರೊಟ್ಟಿಯಂತೆ ಪೂರಾ ಎದ್ದು ಬಂತು. ಹುಲ್ಲಿಗೆ ದುಡ್ಡು ಕೊಟ್ಟಿಲ್ಲ, ಹೊಲದ ಬದುವಿನ ಗರಿಕೆಯನ್ನೇ ಗೆಣ್ಣು ಕತ್ತರಿಸಿ ಊರಿದೆ.

ಒಬ್ಬರು ಹದಿನಾಲ್ಕು ಲಕ್ಷದ ಅಂದಾಜು ಕೊಟ್ಟಿದ್ದರು. ನನಗೆ ಬಿದ್ದದ್ದು ಆರೂವರೆ, ಹಾಳಾದದ್ದು ಬಿಟ್ಟು. ಸುಣ್ಣಕ್ಕೆ ಎಂಬತ್ತು ಸಾವಿರ ಇರಬೇಕು. ಮೆಟ್ಟಿಲು ಮಾತ್ರ ಇನ್ನೂ ಹಾಗೇ ಹಲ್ಲು ಬಿಟ್ಟುಕೊಂಡಿವೆ.

ಈ ಜನವರಿಯಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ಟ್ರ್ಯಾಕಿನ ತುಂಬ ತೊಗರಿ ರಾಶಿ. "ಇಂಥಾ ಗಟ್ಟಿ ಕಣ ಸುತ್ತಮುತ್ತ ಎಲ್ಲೂ ಇಲ್ರೀ ಸರ್" ಅಂದ ರೈತ, ಹೊಗಳಿದೆ ಅನ್ನುವ ಹಾಗೆ. ಎರಡು ದಿನ ಜಗಳ ಆಡಿ ಎತ್ತಿಸಿದೆ. ಮೂರನೇ ಲೇನಿನಲ್ಲಿ ಅವನ ಟ್ರ್ಯಾಕ್ಟರಿನ ಗಾಲಿ ಗುರುತು ಇನ್ನೂ ಇದೆ. ಆಳ ಮಾತ್ರ ಕಾಲು ಇಂಚೂ ಇಲ್ಲ, ಸ್ಕೇಲ್ ಇಟ್ಟು ನೋಡಿದ್ದೇನೆ.